ಎಡ್ನಾ ಮತ್ತು ಇಬ್ಬರು ಯೋಹಾನರು

ಎಡ್ನಾ ಬೈಯುತ್ತಿದ್ದುದು ಕನ್ನಡದಲ್ಲಿ. ನೈರೋಬಿಯ ಲಂಗಾಟಾ ರಸ್ತೆಯಲ್ಲಿ ಮಟಾಟು ವ್ಯಾನಿನವನು ನಿಲ್ಲಿಸದೆ ಹೋದರೆ ಈ ಬಿಳಿ ಹೆಂಗಸು ಕೊಡೆ ಎತ್ತಿ, "ನಿನ್ ಮುಖಕ್ಕಿಷ್ಟು ಮಣ್ಣ್ ಹಾಕ" ಅನ್ನುತ್ತಿದ್ದಳು. ಅಮೆರಿಕದವಳು. ಕೋಲಾರದ ಕಡೆ ಬಹಳ ವರ್ಷ ನರ್ಸಾಗಿದ್ದು, ಆಮೇಲೆ ನೈರೋಬಿಗೆ ಬಂದು ಇಲ್ಲೇ ಉಳಿದಳು. ಮದುವೆಯಾಗಲಿಲ್ಲ. ನಮ್ಮ ಪಕ್ಕದ ಮನೆ. ನನ್ನ ಮೊಮ್ಮಕ್ಕಳು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುವವರು. ಬಾಯಿತುಂಬ ಮಾತಾಡಲು ನನಗೆ ಸಿಕ್ಕಿದ್ದು ಇವಳೊಬ್ಬಳೇ.

ಅವಳಿಗೊಂದು ಹುಚ್ಚು. ಅಮೆರಿಕವನ್ನು ಇಂಗ್ಲಿಷರು ಆಳುತ್ತಿದ್ದಾಗ ಜರ್ಮನಿಯಿಂದ ಹಡಗು ಹತ್ತಿ ಬಂದನಲ್ಲ, ತನ್ನ ವಂಶದ ಮೂಲಪುರುಷ, ಅವನನ್ನು ಹುಡುಕುವುದು. ಕಂಪ್ಯೂಟರ್ ಮುಂದೆ ಕೂತರೆ ಒಲೆಯ ಮೇಲೆ ಹಾಲು ಉಕ್ಕಿದ್ದೂ ತಿಳಿಯುತ್ತಿರಲಿಲ್ಲ. ಕೊನೆಗೆ ಸಿಕ್ಕಿದ, ಯೋಹಾನ್ ಅಂತ, ಭಾರಿ ಜಮೀನುದಾರ. ಅಮೆರಿಕದಲ್ಲಿದ್ದ ಅವಳ ತಮ್ಮ ಹಿಗ್ಗಿಹೋಗಿ, ಆ ಯೋಹಾನನ ಹೆಸರಿನಲ್ಲಿ ಸ್ಮಾರಕದ ಕಲ್ಲು ನಿಲ್ಲಿಸಿ ಬಂಧುಗಳನ್ನೆಲ್ಲ ಸೇರಿಸಲು ಹೊರಟ.

ಒಂದು ದಿನ ಇಬ್ಬರೂ ಬಟಾಣಿ ಸುಲಿಯುತ್ತಿದ್ದಾಗ ನನ್ನ ಅತ್ತೆಯ ಮನೆಯ ಮಾತು ಬಂತು. ನಮ್ಮ ಮನೆದೇವರು ತಿಮ್ಮಪ್ಪ, ಗಂಡುಮಕ್ಕಳೆಲ್ಲ ವೆಂಕಟರೇ. ಬಾಗಿಲಲ್ಲಿ ನಿಂತು ವೆಂಕಟ ಅಂದರೆ ಮೂವರೂ ಓಡಿಬರುತ್ತಾರೆಂದು ರಮಣ, ಈಶ, ಚಲಪತಿ ಅಂತ ಹೆಸರಿನ ಬಾಲ ಹಿಡಿದು ಕರೆಯುತ್ತಿದ್ದರು. ಎಡ್ನಾ ನಕ್ಕಳು. ಜರ್ಮನರದೂ ಅದೇ ಕಥೆಯಂತೆ. ಚರ್ಚಿನ ದಾಖಲೆಯಲ್ಲಿ ಅಣ್ಣತಮ್ಮಂದಿರೆಲ್ಲ ಯೋಹಾನ್, ಮನೆಯಲ್ಲಿ ಕರೆಯುವುದು ಎರಡನೆಯ ಹೆಸರಿನಿಂದ. ಅಷ್ಟು ಹೇಳಿದವಳೇ ಸಿಪ್ಪೆಯನ್ನು ಪಾತ್ರೆಗೆ ಹಾಕಿ ಕಾಳನ್ನು ಬಿಸಾಡಿದಳು.

ಕೆಲವು ವಾರ ಹಳೆಯ ದಾಖಲೆಗಳನ್ನು ಮತ್ತೆ ಜಾಲಾಡಿ ಮುಖ ಸಣ್ಣ ಮಾಡಿಕೊಂಡು ಬಂದಳು. ಜಮೀನುದಾರ ಅಣ್ಣನಂತೆ. ಇವಳ ವಂಶದ ಮೂಲಪುರುಷ ಅವನ ತಮ್ಮ, ಯೋಹಾನ್ ಆಡಮ್. ಹಡಗಿನ ಪ್ರಯಾಣದ ದುಡ್ಡು ಕೊಡಲಾಗದೆ ಬಂದರಿನಲ್ಲೇ ಜೀತಕ್ಕೆ ಮಾರಾಟವಾದ ಹುಡುಗ.

"ಅಣ್ಣ ಅಲ್ಲೇ ಹತ್ತಿರದಲ್ಲೇ ಇದ್ದ ಕಣಮ್ಮಾ. ಬಿಡಿಸ್ಕೊಳ್ಳಲಿಲ್ಲ."

"ಇಬ್ರೂ ಯೋಹಾನೇ ತಾನೆ? ಯಾವ ಯೋಹಾನ ಅಂತ ಕಲ್ಲೇನು ಕೇಳುತ್ತಾ? ಬಾಯ್ ಮುಚ್ಕೊಂಡಿರು," ಅಂದೆ. ಅವಳಿಗಿದ್ದವನೊಬ್ಬ ತಮ್ಮ, ಅವನನ್ನೂ ಕಳೆದುಕೊಳ್ಳುವುದು ಬೇಡವೆಂದು.

"ಒಡಹುಟ್ಟಿದವನ್ನ ಮಾರೋಕೆ ಬಿಟ್ಟವನ ಮುಂದೆ ನಾನು ಹೂ ಹಿಡ್ಕೊಂಡು ನಿಂತ್ಕೊಳ್ಳಲ್ಲ."

ತಮ್ಮನಿಗೆ ಫೋನಿನಲ್ಲಿ ಹೇಳಿಯೇಬಿಟ್ಟಳು. ಕಲ್ಲು ಕೆತ್ತಿಸಿ ಆಗಿದೆ, ಈಗ ಜೀತದಾಳಿನ ಕಥೆ ತೆಗೆದು ಮಾನ ಕಳೆಯಬೇಡ ಅಂದನಂತೆ ಅವನು. ಆಮೇಲೆ ಫೋನೇ ಎತ್ತಲಿಲ್ಲ. ಎದುರು ಕೂತು ಹೇಳಿದರೆ ಕೇಳಿಯಾನು ಎಂದು, ಕೆಟ್ಟ ಮಂಡಿ ಇಟ್ಟುಕೊಂಡು ಇವಳೇ ಅಮೆರಿಕಕ್ಕೆ ಹೊರಟಳು. ಟ್ಯಾಕ್ಸಿ ಬರುವಷ್ಟರಲ್ಲಿ ಚಟ್ನಿಪುಡಿ ಕಟ್ಟಿಕೊಟ್ಟೆ. ಬುದ್ಧಿ ಹೇಳುವ ಗೋಜಿಗೆ ಹೋಗಲಿಲ್ಲ.

ತಿರುಗಿ ಬರಲಿಲ್ಲ. ಅಲ್ಲಿಯ ಚಳಿಗಾಲದಲ್ಲಿ ತೀರಿಕೊಂಡಳು. ತಮ್ಮ ನನ್ನ ಮಗನಿಗೆ ಸುದ್ದಿ ತಿಳಿಸಿ, ಜೊತೆಗೆ, ಅವಳು ಬದುಕಿದ್ದಾಗಲೇ ನಡೆದ ಆ ಕೂಟದ ಫೋಟೋ ಕಳಿಸಿದ್ದ. ನಡುವೆ ಜಮೀನುದಾರನ ಕಲ್ಲು, ಸುತ್ತ ಬಂಧುಬಳಗ, ಎಲ್ಲರ ಮುಖದಲ್ಲೂ ನಗು.

ಮೊಮ್ಮಗಳು ಅದನ್ನು ದೊಡ್ಡದು ಮಾಡಿ ಒಂದೊಂದೇ ಮುಖ ಸರಿಸಿದಳು. "ಅಜ್ಜಿ, ವೇರ್ ಈಸ್ ಎಡ್ನಾ ಆಂಟಿ?"

"ಹುಡುಕ್ಬೇಡ, ಅವಳು ನಿಂತಿಲ್ಲ," ಅಂದೆ.