ಹೆಸರು ತೆಗೆದ ಮೇಲೂ ನಡೆಯಬೇಕಾದ ಕೆಲಸ

ದೊಡ್ಡಾಸ್ಪತ್ರೆಯ ದಾಖಲೆಗಳು ಕಾಗದದಿಂದ ಕಂಪ್ಯೂಟರಿಗೆ ಬಂದ ಈ ಮೂವತ್ತು ವರ್ಷಗಳಲ್ಲಿ, ಯಾರ ಕಣ್ಣಿಗೂ ಬೀಳದೆ ಎಲ್ಲರ ನೆಮ್ಮದಿಗೂ ಕಾರಣರಾದವರು ಡೇಟಾಬೇಸ್ ವಿಭಾಗದ ನಮ್ಮ ಹಿರಿಯರು. ದಾಖಲೆ ತೆರೆಯಲು ಕೇಳಿದಷ್ಟಲ್ಲ, ಕೆಲಸಕ್ಕೆ ಬೇಕಾದಷ್ಟೇ ಅನುಮತಿ ಕೊಡುತ್ತಿದ್ದ ಅವರನ್ನು ಬೆನ್ನ ಹಿಂದೆ ಎಲ್ಲರೂ 'ಪರ್ಮಿಷನ್ ಸಾಹೇಬರು' ಎನ್ನುತ್ತಿದ್ದರು. ಆಸ್ಪತ್ರೆಯ ಮುಖ್ಯಸ್ಥರೇ ಬಂದು ಕೂತರೂ ಅವರ ಕೈ ಸಡಿಲವಾದದ್ದನ್ನು ಕಂಡವರಿಲ್ಲ.

ಈ ಲೇಖಕಿ ಅವರ ಕೈಕೆಳಗೆ ಸೇರಿದ ಎರಡನೆಯ ವರ್ಷದ ಮಾತು. ರಕ್ತನಿಧಿಯ ವೆಬ್ ಅಪ್ಲಿಕೇಶನ್ನಿನ ಫೈಲೊಂದರಲ್ಲಿ ಡೇಟಾಬೇಸಿನ ಪಾಸ್‌ವರ್ಡನ್ನು ರಾಜಾರೋಷವಾಗಿ ಬರೆದಿಡಲಾಗಿತ್ತು. ಅದನ್ನು ಅಳಿಸಿ ವಿಂಡೋಸ್ ದೃಢೀಕರಣಕ್ಕೆ ಬದಲಾಯಿಸುವ ಕೆಲಸವನ್ನು ಸಾಹೇಬರು ಅವಳಿಗೆ ಒಪ್ಪಿಸಿದರು. ಈ ವಿಧಾನದಲ್ಲಿ ಪಾಸ್‌ವರ್ಡನ್ನು ಫೈಲಿನಲ್ಲಿ ಬರೆಯಬೇಕಿಲ್ಲ. ಅಪ್ಲಿಕೇಶನ್ ಯಾವ ವಿಂಡೋಸ್ ಖಾತೆಯಲ್ಲಿ ನಡೆಯುತ್ತದೋ ಆ ಖಾತೆಯ ಗುರುತು ನೋಡಿ ಡೇಟಾಬೇಸ್ ಒಳಗೆ ಬಿಡುತ್ತದೆ. ಅವಳ ಮೇಜಿನ ಕಂಪ್ಯೂಟರಿನಲ್ಲಿ ಅದು ಸಲೀಸಾಗಿ ನಡೆಯಿತು. ಸರ್ವರಿಗೆ ಹಾಕಿದ ಕೂಡಲೇ ಮುಷ್ಕರ ಹೂಡಿತು. ಮೇಜಿನಲ್ಲಿ ನಡೆದದ್ದು ಅವಳದೇ ಖಾತೆಯಲ್ಲಿ. ಸರ್ವರಿನ ಖಾತೆ ಬೇರೆ, ಅದಕ್ಕೆ ಸಾಹೇಬರಿಂದ ಅನುಮತಿ ಪಡೆಯಬೇಕಿತ್ತು. ಹೋದರೆ ನೂರೆಂಟು ಪ್ರಶ್ನೆ ಎಂದು ಅಂಜಿ, ಅಪ್ಲಿಕೇಶನ್ ತನ್ನ ಖಾತೆಯಲ್ಲೇ ನಡೆಯಲೆಂದು ಸರ್ವರಿನ ಸೆಟ್ಟಿಂಗಿನಲ್ಲಿ ತನ್ನ ಹೆಸರು, ಪಾಸ್‌ವರ್ಡ್ ತುಂಬಿ ಕೈತೊಳೆದುಕೊಂಡಳು.

ಮೂರು ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಿಸಬೇಕೆಂಬ ನಿಯಮವಿತ್ತು. ಒಂದು ಬೆಳಿಗ್ಗೆ ಅವಳೂ ಬದಲಿಸಿದಳು. ಹಳೆಯದನ್ನೇ ನಂಬಿಕೊಂಡಿದ್ದ ರಕ್ತನಿಧಿಯ ಪರದೆ ಸ್ವಲ್ಪ ಹೊತ್ತಿಗೆ ನಿಂತುಹೋಯಿತು. ಆಪರೇಷನ್ ಕೋಣೆಯಲ್ಲಿ ಹೆರಿಗೆಯಾದ ತಾಯಿಗೆ ರಕ್ತಸ್ರಾವ ನಿಂತಿರಲಿಲ್ಲ. ಇತ್ತ ರಕ್ತನಿಧಿಯಲ್ಲಿ ತಂತ್ರಜ್ಞರು ಹೊಂದುವ ರಕ್ತಕ್ಕಾಗಿ ಫ್ರಿಜ್ ತೆರೆದು ಒಂದೊಂದೇ ಚೀಲದ ಚೀಟಿ ಓದುತ್ತಿದ್ದರು. ಹನ್ನೊಂದು ನಿಮಿಷಗಳಲ್ಲಿ ಸಾಹೇಬರು ಮೂಲ ಹುಡುಕಿದರು, ಸರ್ವರಿನ ಖಾತೆಗೆ ಅನುಮತಿ ಕೊಟ್ಟು ಪರದೆ ತೆರೆಸಿದರು. ತಾಯಿ ಉಳಿದರು. ಸೆಟ್ಟಿಂಗಿನಲ್ಲಿ ಯಾರ ಹೆಸರಿತ್ತೆಂದು ಅವರೊಬ್ಬರೇ ನೋಡಿದ್ದರು.

ವಿಚಾರಣೆ ನಡೆಯಿತು. ಅವಳು ಏಳುವ ಮೊದಲೇ ಸಾಹೇಬರು ಎದ್ದು ಹೇಳಿದರು: "ಪರೀಕ್ಷೆ ಮಾಡ್ದೆ ಸಹಿ ಹಾಕಿದ್ದು ನಾನು. ನನ್ನ ಹೆಸರೇ ಬರ್ಕೊಳ್ಳಿ." ಆ ವರ್ಷ ಬರಬೇಕಿದ್ದ ಬಡ್ತಿ ಅವರಿಗೆ ಬರಲಿಲ್ಲ, ಮುಂದೆಯೂ ಬರಲಿಲ್ಲ. ಮೆಟ್ಟಿಲಿನ ಬಳಿ ಅಳುತ್ತಿದ್ದವಳಿಗೆ ಅವರು ಹೇಳಿದ್ದಿಷ್ಟೇ: "ನಾಳೆ ನೀನಿಲ್ಲದಿದ್ರೂ ಅದು ನಡೀಬೇಕಮ್ಮ. ಹಾಗೆ ಮಾಡು."

ಹದಿನಾಲ್ಕು ವರ್ಷ ಅವಳು ನಿಜವನ್ನು ಬಾಯಿ ಬಿಡಲಿಲ್ಲ. ಮೊದಲು ಹೆದರಿಕೆ, ಆಮೇಲೆ ನಾಚಿಕೆ, ಎರಡಕ್ಕೂ ಕ್ಷಮೆಯಿಲ್ಲ.

ಕಳೆದ ವಾರ, ನಿವೃತ್ತಿಯ ದಿನ, ತಮ್ಮ ಖಾತೆ ಮುಚ್ಚುವ ಕೆಲಸವನ್ನು ಸಾಹೇಬರು ಅವಳಿಂದಲೇ ಮಾಡಿಸಿದರು. ಹಾರ ಹಿಡಿದು ಕಾದಿದ್ದವರನ್ನು ಬಾಗಿಲಲ್ಲೇ ನಿಲ್ಲಿಸಿ, ರಕ್ತನಿಧಿಯಿಂದ ಹಿಡಿದು ಔಷಧ ಉಗ್ರಾಣದವರೆಗೆ ಒಂದೊಂದು ವಿಭಾಗಕ್ಕೂ ಫೋನ್ ಮಾಡಿಸಿ, ಖಾತೆ ಮುಚ್ಚಿದ ಮೇಲೂ ಪರದೆ ತೆರೆಯುತ್ತಿದೆಯೇ ಎಂದು ಕೇಳಿಸಿದರು. ಎಲ್ಲಿಯೂ ಏನೂ ನಿಂತಿರಲಿಲ್ಲ. ಆಮೇಲೆಯೇ ಊಟದ ಡಬ್ಬಿ ಎತ್ತಿಕೊಂಡು ಎದ್ದರು.

ಪೂಜ್ಯರು ನೂರ್ಕಾಲ ಬಾಳಲಿ. ಹೊಸಬರಿಗೆ ಕಲಿಸುವ ಅವರ ಕೆಲಸ ಮನೆಯಿಂದಲೂ ಮುಂದುವರಿಯಲಿ. ಡೇಟಾಬೇಸಿನಿಂದ ಅವರ ಹೆಸರು ತೆಗೆದವಳು, ವಿಚಾರಣೆಯ ಆ ಹಳೆಯ ಕಡತದಿಂದಲೂ ಅವರ ಹೆಸರು ತೆಗೆದು ತನ್ನದನ್ನು ಬರೆಯಬೇಕೆಂದು ಈ ಬೆಳಿಗ್ಗೆ ಅರ್ಜಿ ಕೊಟ್ಟಿದ್ದಾಳೆ. ಇದೊಂದಕ್ಕೆ ಮಾತ್ರ ಸಾಹೇಬರ ಪರ್ಮಿಷನ್ ಕೇಳಿಲ್ಲ.