ಮೌಶಿಯ ಜರ್ಮನ್ ಹಾಡು

ಗೆಳತಿಯನ್ನು ನೋಡಲು ಇವತ್ತು ಕಂಕನಾಡಿಯ ಆಸ್ಪತ್ರೆಗೆ ಹೋಗಿದ್ದೆ. ಸ್ಪಿರಿಟ್ ವಾಸನೆ ಮೂಗಿಗೆ ಬಡಿದದ್ದೇ ತಡ, ಬಿಕರ್ನಕಟ್ಟೆಯ ನಮ್ಮ ಮನೆಯ ಹಿಂದಿನ ಕೋಣೆ ನೆನಪಾಯಿತು.

ಅಮ್ಮನ ತಂಗಿ, ನನ್ನ ಮೌಶಿ, ಜರ್ಮನಿಯಲ್ಲಿ ನರ್ಸ್ ಆಗಿದ್ದಳು. ಹೊಟ್ಟೆಯ ಕ್ಯಾನ್ಸರ್ ಬಂದ ಮೇಲೆ ಊರಿಗೆ ಮರಳಿ ಆ ಕೋಣೆಯಲ್ಲೇ ಮಲಗಿದಳು. ಅಲ್ಲಿನ ಮೆಟಲ್ ಬ್ಯಾಂಡೊಂದರ ಸಿಡಿಗಳೂ ಜೊತೆಗೆ ಬಂದವು. ಪಿಟೀಲು, ಇಗರ್ಜಿಯಲ್ಲಿ ಹಾಡುವಂಥ ಹೆಂಗಸರ ದನಿಗಳು, ಗಿಟಾರಿನ ಅಬ್ಬರ, ನಡುವೆ ಒಬ್ಬ ಗಂಡಸಿನ ಗಂಟಲು ಹರಿಯುವ ಕೂಗು. ನಾನು ಕಿವಿ ಮುಚ್ಚಿಕೊಂಡು ಓಡುತ್ತಿದ್ದೆ.

“ಇದೆಂತ ಸೈತಾನನ ಪದ್ಯ ಮಾರಾಯ್ತಿ?” ಎಂದು ಅಜ್ಜಿ ಗದರುತ್ತಿದ್ದರು.

ಒಂದು ಮಧ್ಯಾಹ್ನ ಧೈರ್ಯ ಮಾಡಿ ಕೇಳಿದೆ: “ಮೌಶಿ, ಅವನು ಯಾಕೆ ಹಾಗೆ ಕಿರುಚ್ತಾನೆ?”

“ನೋವಾದ್ರೂ ನನಗೆ ಕಿರುಚ್ಲಿಕ್ಕೆ ಆಗುದಿಲ್ಲ ಅಲ್ವಾ? ನಿನ್ನ ಅಜ್ಜಿ ಹೆದರ್ತಾರೆ. ನನ್ನದನ್ನೂ ಅವನೇ ಕಿರುಚ್ತಾನೆ.”

ಅಂದಿನಿಂದ ಹಾಸಿಗೆಯ ತುದಿಯಲ್ಲಿ ಕುಳಿತು ಕೇಳತೊಡಗಿದೆ. ಮಾತು ಒಂದೂ ಅರ್ಥವಾಗದಿದ್ದರೂ ಕೂಗು ಯಾವಾಗ ಬರುತ್ತದೆಂದು ಬಾಯಿಪಾಠವಾಯಿತು. ಕೂಗು ಬಂದಾಗಲೆಲ್ಲ ಮೌಶಿ ನನ್ನ ಕೈ ಹಿಸುಕುತ್ತಿದ್ದಳು. ನಿಧಾನವಾಗಿ ಆ ಹಾಡುಗಳು ನನ್ನವೂ ಆದವು.

ಕೊನೆಯ ದಿನ ಮೌಶಿಗೆ ಮಾತಿರಲಿಲ್ಲ. ಜಪಮಾಲೆ ಹಿಡಿದಿದ್ದ ಅಜ್ಜಿಯೇ ನನ್ನತ್ತ ತಿರುಗಿ, “ಅವಳ ಆ ಪದ್ಯ ಹಾಕು ಮಗಾ” ಎಂದರು. ಹಾಡು ಅರ್ಧವಾಗುವಷ್ಟರಲ್ಲಿ ಮೌಶಿ ಹೋದಳು. ನಿಲ್ಲಿಸಲು ಎದ್ದೆ. ಅಜ್ಜಿ ನನ್ನ ಕೈ ಹಿಡಿದು, “ಬೇಡ, ಮುಗೀಲಿ” ಎಂದರು.

ಆ ಬ್ಯಾಂಡನ್ನು ಈಗಲೂ ದಿನಾ ಕೇಳುತ್ತೇನೆ. ಮೌಶಿ ಹೋದಾಗಿನ ಆ ಒಂದು ಹಾಡು ಬಂದರೆ ಮಾತ್ರ ದಾಟಿಸಿಬಿಡುತ್ತಿದ್ದೆ. ಇವತ್ತು ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ಅದನ್ನು ಕೊನೆಯವರೆಗೂ ಕೇಳಿದೆ.