ತಿಪ್ಪಕ್ಕನ ಗದ್ದೆಯ ಕಳೆ

ಬುಕ್ಕಸಾಗರದಲ್ಲಿ ಭತ್ತದ ಕಳೆ ತೆಗೆಯುವ ನಮ್ಮ ಏಳು ಹೆಂಗಸರ ಗುಂಪಿಗೆ ತಿಪ್ಪಕ್ಕನೇ ಮುಂದಾಳು. ಕಣ್ಣು ಮುಚ್ಚಿ ಬುಡ ಸವರಿದರೂ ಸಾಕು, ಯಾವುದು ಪೈರು, ಯಾವುದು ಹುಲ್ಲು ಎಂದು ಹೇಳಿಬಿಡುವಳು. ಅಂಥವಳು ಈ ಸಲ ತನ್ನ ಹನ್ನೆರಡು ಗುಂಟೆಗೆ ನಮ್ಮನ್ನು ಮುಯ್ಯಾಳಿಗೆ ಕರೆಯಲಿಲ್ಲ. ಕಳೆನಾಶಕ, ಅಂದರೆ ನಮ್ಮ ಮಾತಿನ ಕಸದ ಎಣ್ಣಿ, ಹೊಡೆಸಲು ಹೊರಟಳು. ಮುಯ್ಯಾಳೆಂದರೆ ಇವತ್ತು ಅವಳ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ಅವಳು ಎಂದು ನಡೆದುಬಂದ ಪದ್ಧತಿ. ನನಗೆ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ?

ಅವತ್ತು ನಾವು ಪಕ್ಕದ ಗದ್ದೆಯಲ್ಲೇ ಇದ್ದೆವು. ಬೇಕೆಂದೇ ಆ ಕಡೆ ತಿರುಗಲಿಲ್ಲ. ಅವಳ ಗಂಡ ಸುಂಕಪ್ಪ ನೀರು ಬಸಿದು, ಬೆನ್ನಿಗೆ ಪಂಪು ಕಟ್ಟಿಕೊಂಡು ಗದ್ದೆಗೆಲ್ಲ ಹೊಡೆದು ಮುಗಿಸಿದ್ದ. ಆಗಲೇ ತಿಪ್ಪಕ್ಕನ ಕೂಗು ಕೇಳಿತು.

"ಈ ಬಕೀಟಿನಾಗ ಏನಿತ್ತು?"

"ಜಡೆಪ್ಪನ ಬಾಳಿ ತ್ವಾಟದ್ದು ಉಳಿದಿತ್ತು. ಅದೂ ಕಸದ ಎಣ್ಣೀನ ಅಲ್ಲನು? ಚೆಲ್ಲೋದ್ಯಾಕಂತ ನಮ್ಮದ್ರಾಗ ಬೆರಸೀನಿ."

"ನಿನ್ ಬಾಯಾಗ್ ಮಣ್ ಹಾಕ! ಅದು ಹಸರು ಕಂಡದ್ದನ್ನೆಲ್ಲ ಸುಡತೈತಿ!"

ಭತ್ತಕ್ಕೆ ಹೊಡೆಯುವ ಎಣ್ಣೆ ಪೈರನ್ನು ಬಿಟ್ಟು ಕಳೆಯನ್ನಷ್ಟೇ ಕೊಲ್ಲುತ್ತದೆ. ಬಾಳೆ ತೋಟದ್ದಕ್ಕೆ ಆ ಭೇದವಿಲ್ಲ. ಆ ಗದ್ದೆ ಹೋದರೆ ಮನೆಗೆ ವರ್ಷದ ಅನ್ನವೇ ಹೋದಂತೆ.

ತಿಪ್ಪಕ್ಕ ಕಾಲುವೆಗಿಳಿದು ಕೊಡ ತುಂಬಿ ಪೈರಿನ ಮೇಲೆ ಎರಚತೊಡಗಿದಳು. ಮೂರನೇ ಕೊಡಕ್ಕೆ ಸೊಂಟ ಹಿಡಿದುಕೊಂಡು ಕೆಸರಲ್ಲೇ ಕುಸಿದಳು.

ನಮ್ಮ ವಿರುಪಮ್ಮ ಕೈಯಲ್ಲಿದ್ದ ಹುಲ್ಲನ್ನು ಬಿಸಾಕಿದಳು. "ಏನ್ ನೋಡ್ತೀರೇ ನಿಂತು? ಬರ್ರೇ!"

ಓಡಿದೆವು. ಕೊಡ, ಬಕೀಟು, ಬುತ್ತಿ ಡಬ್ಬಿ, ಕೈಗೆ ಸಿಕ್ಕಿದ್ದರಲ್ಲೆಲ್ಲ ನೀರು ಮೊಗೆದು ಎರಚಿದೆವು. ಬಿಸಿಲು ಏರುತ್ತಿತ್ತು. ಎಲೆಯ ಮೇಲೆ ಒಣಗಿತೆಂದರೆ ವಿಷ ಒಳಗಿಳಿಯುತ್ತದೆ. ಸುಂಕಪ್ಪ ತಲೆ ಎತ್ತದೆ ಬದು ಕಡಿದು, ತೊಳೆದ ನೀರನ್ನು ಹೊರಗೆ ಬಿಟ್ಟ.

"ಸೊಂಟ ಯಾವಾಗಿಂದ ಹಿಂಗ?" ವಿರುಪಮ್ಮ ನೀರು ಎರಚುತ್ತಲೇ ಕೇಳಿದಳು.

"ಮೂರ್ ತಿಂಗಳಾತು," ಎಂದಳು ತಿಪ್ಪಕ್ಕ. "ನಿಮ್ಮನ್ನ ಕರದ್ರ ಮುಯ್ಯಿ ಹ್ಯಾಂಗ ತೀರಸ್ಲವ್ವಾ?"

ನನಗೆ ನಾಚಿಕೆಯಾಯಿತು. ಇನ್ನೊಂದು ಕೊಡ ತರಲು ಹೋದೆ.

ಆಮೇಲೆ ಕಾಯುವುದೊಂದೇ ಉಳಿಯಿತು. ನಾಲ್ಕನೇ ದಿನ ಒಂದು ಮೂಲೆಯ ಪೈರಿನ ತುದಿ ಹಳದಿಗಟ್ಟಿತು. ಆರನೇ ದಿನ ಅಷ್ಟು ಜಾಗ ಒಣಗಿಯೇ ಹೋಯಿತು. ತಿಪ್ಪಕ್ಕ ಊಟ ಬಿಟ್ಟಳು. ಸುಂಕಪ್ಪ ಮನೆಯೊಳಗೆ ಬರುವುದನ್ನೇ ಬಿಟ್ಟು ಕಟ್ಟೆಯ ಮೇಲೆ ಮಲಗಿದ.

ಹತ್ತನೇ ದಿನ ಬೆಳಿಗ್ಗೆ ನಾವು ಹೋದಾಗ ಅವಳು ಬದುವಿನ ಮೇಲೆ ಅಳುತ್ತ ಕುಳಿತಿದ್ದಳು. ಗದ್ದೆ ಹೋಯಿತೆಂದುಕೊಂಡೆ. ಅವಳು ಬೆರಳು ತೋರಿಸಿದಳು. ಆ ಮೂಲೆಯೊಂದನ್ನು ಬಿಟ್ಟರೆ ಪೈರೆಲ್ಲ ಹಸಿರಾಗಿತ್ತು. ಎಣ್ಣೆಯೆಲ್ಲ ತೊಳೆದುಹೋಗಿ ಪೈರಿನ ನಡುವೆ ಕಳೆಯೂ ಅಷ್ಟೇ ಸೊಂಪಾಗಿ ಎದ್ದಿತ್ತು. ಜೀವಮಾನವಿಡೀ ಕಳೆ ಕಿತ್ತವಳು ಕಳೆ ಬದುಕಿದ್ದಕ್ಕೆ ಖುಷಿಯಿಂದ ಅಳುತ್ತಿದ್ದಳು.

ವಿರುಪಮ್ಮ ಸೀರೆ ಎತ್ತಿ ಕಟ್ಟಿ ಗದ್ದೆಗಿಳಿದಳು. "ಮುಯ್ಯಾಳು ಬಂದೀವಿ. ನೀ ಅಲ್ಲೇ ಕುಂತು ಯಾವ್ದು ಕಸ, ಯಾವ್ದು ಪೈರು ಅಂತ ಹೇಳು. ಮುಯ್ಯಿ ತೀರಿತು."

ಕುಳಿತವಳೇನು ಸುಮ್ಮನಿದ್ದಳೇ? ಒಂದು ಪೈರು ಕಿತ್ತೆನೆಂದು ಸಂಜೆಯವರೆಗೂ ನನ್ನನ್ನು ಬೈದಳು.